ಬಿಟ್ಟು ಬಂದೆ ಅಂದರೆ ಬಿಟ್ಟ ಹಾಗಲ್ಲ

ಕೋರ್ಟಿನಲ್ಲಿ ದುಭಾಷಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಒಬ್ಬಿಬ್ಬರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಯಾವ ನಿಘಂಟು ಕೊಳ್ಳಬೇಕು ಎಂದು ಕೇಳುತ್ತಾರೆ. ಯಾವುದಾದರೂ ಕೊಳ್ಳಿ, ದಪ್ಪಗಿರಲಿ, ಕುರ್ಚಿ ತಗ್ಗಾದರೆ ಕೆಳಗೆ ಹಾಕಿಕೊಳ್ಳಲಿಕ್ಕೆ ಬರುತ್ತದೆ ಎಂದು ಹೇಳುತ್ತೇನೆ. ಮುದುಕ ತಮಾಷೆ ಮಾಡುತ್ತಾನೆ ಎಂದುಕೊಂಡು ನಕ್ಕು, ಕಾಫಿ ಕುಡಿದು ಹೋಗುತ್ತಾರೆ. ತಮಾಷೆಯಲ್ಲ. ನನ್ನ ಇಡೀ ನೌಕರಿಯಲ್ಲಿ ನನ್ನ ಬೆವರಿಳಿಸಿದ್ದು ನಿಘಂಟಿನಲ್ಲಿ ಹುಡುಕುವಂಥ ಪದ ಒಂದೂ ಅಲ್ಲ. ತೊಟ್ಟಿಲ ಕೂಸಿಗೂ ಬರುವ ಮಾತು, ‘ಬಿಡು’.

ನಾನಿದ್ದ ಕೋರ್ಟು ಆಂಧ್ರದ ಆದವಾನಿ ಸೀಮೆಯದು. ಯಾವ ಕಟ್ಟಡ, ಯಾವ ಕೋರ್ಟ್ ಹಾಲು ಎಂದು ಹೇಳುವುದಿಲ್ಲ. ಅಲ್ಲಿ ವಾದಿಸಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ವಕೀಲರೇ. ಹೆಸರುಗಳನ್ನೂ ಬದಲಿಸಿದ್ದೇನೆ. ಆಗ ಅಲ್ಲಿಗೆ ಬರುತ್ತಿದ್ದ ಜಡ್ಜ್ ಸಾಹೇಬರು ಹೆಚ್ಚಾಗಿ ಕೃಷ್ಣಾ, ಗುಂಟೂರು ಕಡೆಯವರು. ತೆಲುಗು, ಇಂಗ್ಲಿಷು ಬಲ್ಲವರು. ಕಟಕಟೆ ಹತ್ತುತ್ತಿದ್ದವರು ನಮ್ಮ ಹಳ್ಳಿಗಳ ಜನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಹೊರಗೆ ಜಾಲಿಮರದ ಕೆಳಗೆ ಕೂತಾಗ ಹರಳು ಹುರಿದ ಹಾಗೆ ತೆಲುಗು ಮಾತಾಡುವ ಮನುಷ್ಯನಿಗೆ, ಕರಿ ಕೋಟಿನವರ ಮುಂದೆ ನಿಂತ ಕೂಡಲೆ ಅದು ಹಾರಿಹೋಗಿ ತಾಯಿಯ ಮಾತೊಂದೇ ಬಾಯಲ್ಲಿ ಉಳಿಯುತ್ತಿತ್ತು. ಅದನ್ನು ಎತ್ತಿ ಸಾಹೇಬರಿಗೆ ತಲುಪಿಸುವುದು ನನ್ನ ಕೆಲಸ.

ನಮ್ಮ ತಂದೆಯವರು ಮಠದಲ್ಲಿ ಪುರಾಣ ಹೇಳುತ್ತಿದ್ದರು. ಸಂಸ್ಕೃತದ್ದನ್ನು ಕನ್ನಡಕ್ಕೆ ಇಳಿಸಿ ಹೇಳುವುದು ನಮ್ಮ ಮನೆಯ ಕಸುಬು. ಹಾಗಾಗಿ ಕೋರ್ಟಿನ ಕೆಲಸ ಸುಲಭವೆಂದು ನಂಬಿದ್ದೆ. ಒಂದು ವ್ಯತ್ಯಾಸ ಹೊಳೆದಿರಲಿಲ್ಲ. ಪುರಾಣದಲ್ಲಿ ಎದುರು ಪಕ್ಷದ ವಕೀಲ ಇರುವುದಿಲ್ಲ.

ಸೇರಿದ ಹೊಸದರಲ್ಲಿ ನಮ್ಮ ಶಿರಸ್ತೇದಾರರಾದ ಖಾದರ್ ಸಾಹೇಬರು ಪಕ್ಕಕ್ಕೆ ಕರೆದು ಹೇಳಿದ್ದರು: “ನೋಡ್ರಿ ಆಚಾರ್ರೆ, ದೊಡ್ಡ ದೊಡ್ಡ ಲಫ್ಜಿಗೆ ಅಂಜಬ್ಯಾಡ್ರಿ. ಅವು ವಕೀಲರ ಬಾಯಾಗ ಬರ್ತಾವ, ಅವಕ್ಕ ಅರ್ಥ ಇರಂಗಿಲ್ಲ. ಸಣ್ಣ ಲಫ್ಜಿಗೆ ಅಂಜ್ರಿ.”

ಅದರ ಅರ್ಥ ತಿಳಿದದ್ದು ಒಂದು ಎಮ್ಮೆಯಿಂದ. ಪತ್ತಿಕೊಂಡದ ಕಡೆಯ ರೈತನೊಬ್ಬ, ಪಕ್ಕದ ಹೊಲದವನು ತನ್ನ ಶೇಂಗಾದಲ್ಲಿ ಎಮ್ಮೆ ಮೇಯಿಸಿದನೆಂದು ಕೇಸು ಹಾಕಿದ್ದ. “ಎಮ್ಮಿ ಬಿಟ್ಟಾನ್ರಿ” ಎಂದು ಅವನ ಸಾಕ್ಷಿ. ಆರೋಪಿ ಕೈಮುಗಿದು ಹೇಳಿದ: “ನಾ ಬಿಟ್ಟಿಲ್ಲ ಸ್ವಾಮಿ. ಹಗ್ಗ ಬಿಟ್ಟೈತಿ. ಅವತ್ತು ನಾ ಊರೇ ಬಿಟ್ಟಿದ್ದೆ.” ನಾನು ಹೊಸಬ, ಹುರುಪಿನವ. ಮೂರಕ್ಕೂ ತೆಲುಗಿನ ಒಂದೇ ಮಾತು, ಹೊರಟುಹೋಗುವುದು ಎಂಬರ್ಥದ್ದು, ಹಚ್ಚಿ ಹೇಳಿಬಿಟ್ಟೆ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವನೂ ಹೋದ, ಹಗ್ಗವೂ ಹೋಯಿತು, ಎಲ್ಲರೂ ಹೋದ ಮೇಲೆ ಹೊಲದಲ್ಲಿ ಉಳಿದವರು ಯಾರು ಎಂದು ಕೇಳಿದರು.

“ಎಮ್ಮೆ, ಸರ್” ಎಂದೆ.

ಅವತ್ತಿನಿಂದ ಆ ಮಾತಿನ ಮೇಲೆ ಒಂದು ಕಣ್ಣಿಟ್ಟೆ. ಬಸ್ಸು ಬಿಡುತ್ತದೆ, ಸಾಲೆ ಬಿಡುತ್ತದೆ, ಸೀರೆ ಬಣ್ಣ ಬಿಡುತ್ತದೆ, ಹುಣಸೆಮರ ಕಾಯಿ ಬಿಡುತ್ತದೆ. ಗಡ್ಡ ಬಿಟ್ಟ ಎಂದರೆ ಗಡ್ಡ ಇದೆ. ಬೀಡಿ ಬಿಟ್ಟ ಎಂದರೆ ಬೀಡಿ ಇಲ್ಲ. ಪೊಲೀಸರು ಕಳ್ಳನನ್ನು ಬಿಟ್ಟರೆ ಅವನು ಮನೆಗೆ ಹೋಗುತ್ತಾನೆ. ಕಳ್ಳನ ಮೇಲೆ ಪೊಲೀಸರನ್ನು ಬಿಟ್ಟರೆ ಅವನು ಮನೆಗೆ ಹೋಗುವುದಿಲ್ಲ. ಇಷ್ಟೆಲ್ಲ ತಿಳಿದುಕೊಂಡು ನಾನು ನುರಿತವನೆಂದು ತಿಳಿದಿದ್ದೆ. ಆಗ ಬಂತು ಉರುಕುಂದಪ್ಪನ ದಾವೆ.

ಆ ಹೊತ್ತಿಗೆ ನಾನೂ ಖಾದರ್ ಸಾಹೇಬರೂ ದೊಡ್ಡ ಕೋರ್ಟಿಗೆ ಬಂದಿದ್ದೆವು. ಅಲ್ಲಿನ ಸಾಹೇಬರು, ಸುಬ್ಬರಾಯುಡು ಎನ್ನೋಣ, ಬಹಳ ನಿಷ್ಠುರದವರು. ಹಿಂದಿನವರು ಸಾಕ್ಷಿ ಹೇಳಿದ್ದನ್ನು ತಾವೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಅಸ್ಪಷ್ಟವಾದ ಮಾತು ಬಂದರೆ ಅಕ್ಷರವನ್ನೂ ಅಸ್ಪಷ್ಟವಾಗಿ ಬರೆದು ಮುಂದೆ ಹೋಗುತ್ತಿದ್ದರು. ಇವರು ಬಂದ ಮೇಲೆ ಟೈಪಿಸ್ಟನನ್ನು ಪಕ್ಕದಲ್ಲಿ ಕೂರಿಸಿದರು. ಟೈಪ್ ಮಷಿನ್ನಿಗೆ ಸಂಶಯ ಬರೆಯಲು ಬರುವುದಿಲ್ಲ. ಪ್ರತಿ ಮಾತಿಗೂ ‘ಕರೆಕ್ಟುಗಾ ಚೆಪ್ಪಂಡಿ’, ಸರಿಯಾಗಿ ಹೇಳಿ ಎಂದು ನನ್ನ ಕಡೆ ತಿರುಗುತ್ತಿದ್ದರು.

ಉರುಕುಂದಪ್ಪ ಆದವಾನಿಯ ಒಂದು ಹತ್ತಿ ಮಿಲ್ಲಿನಲ್ಲಿ ಕೂಲಿಯವನು. ಎಣ್ಣೆ ಹಚ್ಚಿ ಬಾಚಿದ ತಲೆ, ಕಿವಿಯಲ್ಲಿ ಹತ್ತಿಯ ಎಳೆ. ಹೆಂಡತಿ ನರಸಮ್ಮ ವರ್ಷದ ಮೇಲಾಯಿತು ತವರಿನಲ್ಲೇ ಕೂತಿದ್ದಾಳೆ, ಆಕೆಯನ್ನು ಬಾಳುವೆಗೆ ಕಳಿಸಿಕೊಡಬೇಕು ಎಂದು ಅವನ ದಾವೆ. ತವರು ಪೆದ್ದಹರಿವಾಣಂ ದಾರಿಯಲ್ಲಿನ ಒಂದು ಹಳ್ಳಿ. ಗಂಡನೇ ಆಕೆಯನ್ನು ತೊರೆದಿದ್ದಾನೆ, ಈಗ ಕಳಿಸುವ ಮಾತೇ ಇಲ್ಲ ಎಂದು ಆಕೆಯ ತಂದೆ ತಿಕ್ಕಯ್ಯ ವಕೀಲರನ್ನಿಟ್ಟಿದ್ದ. ಯಾರು ಯಾರನ್ನು ತೊರೆದರು ಎಂಬುದೇ ಇಡೀ ಕೇಸು. ಮದುವೆ ಉಳಿಯುವುದೂ ಮುರಿಯುವುದೂ ಅದರ ಮೇಲಿತ್ತು.

ಉರುಕುಂದಪ್ಪ ಕಟಕಟೆ ಹತ್ತಿದ. ಅವನ ವಕೀಲರು ಕೃಷ್ಣಮೂರ್ತಿ, ಮೆತ್ತನೆಯ ಮನುಷ್ಯ.

“ನಿನ್ನ ಹೆಂಡ್ತಿ ಈಗ ಎಲ್ಲಿ ಅದಾಳ?”

“ತವರಮನ್ಯಾಗ್ರಿ.”

“ಹೆಂಗ ಹೋದ್ಲು?”

“ಪಂಚಮಿ ಹಬ್ಬಕ್ಕಂತ ನಾನ ಬಿಟ್ಟು ಬಂದೆರಿ.”

ನಾನು ತೆಲುಗಿಗೆ ತಿರುಗಿಸುವ ಮೊದಲೇ ತಿಕ್ಕಯ್ಯನ ವಕೀಲ ರಂಗಾರೆಡ್ಡಿ ಎದ್ದು ನಿಂತರು. ಅವರಿಗೂ ಕನ್ನಡ ಬರುತ್ತಿತ್ತು, ಗಂಟಲಂತೂ ಎರಡು ಕೋರ್ಟಿಗೆ ಸಾಲುವಷ್ಟಿತ್ತು. “ಒಪ್ಪಿಕೊಂಡ ಸರ್! ತಾನೇ ಬಿಟ್ಟೆ ಅಂತ ತನ್ನ ಬಾಯಿಂದಲೇ ಒಪ್ಪಿಕೊಂಡ. ದಾಖಲಾಗಲಿ!” ಕೃಷ್ಣಮೂರ್ತಿ ಎದ್ದು, ಹಬ್ಬಕ್ಕೆ ಕರೆದುಕೊಂಡು ಹೋಗಿ ತಲುಪಿಸಿ ಬಂದೆ ಎಂದು ಅವನು ಹೇಳಿದ್ದು ಎಂದರು. ಟೈಪಿಸ್ಟ್ ಬೆರಳು ಮೇಲೆತ್ತಿ ಕೂತ. ಸಾಹೇಬರು ನನ್ನ ಕಡೆ ತಿರುಗಿದರು.

“ಅವನು ಹೇಳಿದ್ದು ಯಾವುದು?”

“ಎರಡೂ ಆಗುತ್ತದೆ ಸರ್.”

“ಒಂದು ಹೇಳಿ.”

“ಅವನು ಒಂದೇ ಹೇಳಿದ್ದಾನೆ ಸರ್. ಅದರೊಳಗೆ ಎರಡಿದೆ.”

ಸಾಹೇಬರಿಗೆ ಇದು ಸೊಕ್ಕಿನ ಉತ್ತರದಂತೆ ಕಂಡಿರಬೇಕು. ತೆಲುಗಿನಲ್ಲಿ ಇಂಥ ಗೊಂದಲವಿಲ್ಲ ಎಂದರು. ‘ವದಿಲೇಶಾಡು’ ಎಂದರೆ ತೊರೆದ, ‘ದಿಗಬೆಟ್ಟಾಡು’ ಎಂದರೆ ತಲುಪಿಸಿದ. ಈ ಎರಡರಲ್ಲಿ ಯಾವುದೆಂದು ಅವನನ್ನೇ ಕೇಳಿ, ನಿಮ್ಮದೇನೂ ಸೇರಿಸಬೇಡಿ, ಅವನಿಗೆ ತಿಳಿಯುವ ಮಾತಿನಲ್ಲೇ ಕೇಳಿ ಎಂದು ಅಪ್ಪಣೆ ಮಾಡಿದರು.

ನಾನು ಉರುಕುಂದಪ್ಪನ ಕಡೆ ತಿರುಗಿದೆ. ಅವನಿಗೆ ತಿಳಿಯುವ ಮಾತು ಯಾವುದು? ತೊರೆ, ತ್ಯಜಿಸು ಎಂದರೆ ಅವನಿಗೆ ತಿಳಿಯದು. ಬಾಯಿ ತೆರೆದೆ, ಬಂದದ್ದು ಇಷ್ಟೇ:

“ಉರುಕುಂದಪ್ಪಾ, ಸರಿಯಾಗಿ ವಿಚಾರ ಮಾಡಿ ಹೇಳು. ನೀನು ಆಕಿನ್ನ ಬಿಟ್ಟಿಯೋ, ಇಲ್ಲಾ ಬಿಟ್ಟಿಯೋ?”

ಹಾಲಿನ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಉರುಕುಂದಪ್ಪ ನಗಲಿಲ್ಲ. ಪಾಪ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಚೆನ್ನಾಗಿ ವಿಚಾರ ಮಾಡಿದ.

“ಎರಡನೇದುರಿ” ಎಂದ.

ರಂಗಾರೆಡ್ಡಿ ಸುಮ್ಮನಿದ್ದಾರೆಯೇ? ಎರಡನೆಯದು ಯಾವುದೆಂದು ಮೊದಲು ತೀರ್ಮಾನವಾಗಲಿ ಎಂದರು. ಖಾದರ್ ಸಾಹೇಬರು ತಮ್ಮ ಮೇಜಿನಿಂದ ಬಗ್ಗಿ ನನ್ನ ಕಿವಿಯಲ್ಲಿ, “ಹಮಾರೇ ಮೇ ಭೀ ಐಸಾಚ್ ಹೈ ಆಚಾರೀ, ಛೋಡ್ ಕೇ ಆಯಾ ಅಂದ್ರ ಇದೇ ಹಣೆಬರ” ಎಂದರು. ನಮ್ಮ ಉರ್ದುವಿನಲ್ಲೂ ಹೀಗೇ ಎಂಬ ಸಮಾಧಾನ. ಅದರಿಂದ ಆ ಹೊತ್ತಿನಲ್ಲಿ ನನಗೇನೂ ಉಪಯೋಗವಾಗಲಿಲ್ಲ.

ಪಾಟೀಸವಾಲು ಶುರುವಾಯಿತು.

“ಬಿಟ್ಟಿಲ್ಲ ಅಂತೀಯಲ್ಲ, ಹಂಗಾದ್ರ ಹಬ್ಬ ಆದಮ್ಯಾಲೆ ಕರಿಯಾಕ ಯಾಕ ಹೋಗಲಿಲ್ಲ?” ಎಂದರು ರಂಗಾರೆಡ್ಡಿ.

“ಹೋಗಿದ್ದೆರಿ. ಮಾವ ಒಳಗ ಬಿಡಲಿಲ್ಲ. ಮ್ಯಾಲೆ ನಾಯಿ ಬಿಟ್ಟ. ನಾ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದೆ. ಅವತ್ತಿಂದ ಆ ಕಡಿ ಹೋಗಾದ ಬಿಟ್ಟೆ.”

ಸಾಹೇಬರು ಅದನ್ನೆಲ್ಲ ಕನ್ನಡದಲ್ಲೇ ಕೇಳಿಸಿಕೊಂಡರು. ನಾಲ್ಕು ಸಲ ಆ ಮಾತು ಬಂದದ್ದು ಅವರ ಕಿವಿಗೂ ಬಿತ್ತು. ನಾನು ಅನುವಾದ ಶುರುಮಾಡುವ ಮುಂಚೆ ಪೆನ್ನು ಕೆಳಗಿಟ್ಟು, ಊಟದ ನಂತರ ನೋಡೋಣ ಎಂದು ಎದ್ದರು. ಚೇಂಬರಿನ ಬಾಗಿಲಲ್ಲಿ ಜವಾನನಿಗೆ ಒಂದು ಕಟ್ಟು ಕೊಟ್ಟು, ಇದನ್ನು ಬಂಗಲೆಯಲ್ಲಿ ‘ವದಿಲಿ ರಾ’ ಎಂದರು. ಬಿಟ್ಟು ಬಾ ಎಂದು. ಹೇಳಿದವರು ಹಾಗೇ ನಿಂತರು. ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ನೌಕರಿ ಉಳಿಸಿಕೊಳ್ಳಬೇಕೆನ್ನುವವರಿಗೆ ಇದೊಂದು ಮಾತು: ಸಾಹೇಬರು ಎಡವಿದಾಗ ನೋಡಲಿಕ್ಕೆ ಗೋಡೆಯ ಮೇಲೆ ಏನಾದರೊಂದು ಇರಬೇಕು.

ಮಧ್ಯಾಹ್ನ ನರಸಮ್ಮನ ಸರದಿ. ಇಪ್ಪತ್ತರ ಆಚೀಚೆಯ ಹೆಣ್ಣು, ನೀಲಿ ಸೀರೆ, ತಲೆತುಂಬ ಸೆರಗು. ಬೆಳಗಿನಿಂದ ಕಂಬದ ಹಿಂದೆ ಕೂತು ಗಂಡನನ್ನು ನೋಡದ ಹಾಗೆ ನೋಡುತ್ತಿದ್ದಳು. ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು. ರಂಗಾರೆಡ್ಡಿ ಒಂದೇ ಪ್ರಶ್ನೆ ಕೇಳಿದರು.

“ನಿನ್ನ ಗಂಡ ನಿನ್ನ ಬಿಟ್ಟಾನೇನಮ್ಮಾ?”

“ಬಿಟ್ಟಾನ್ರಿ.”

“ಅಷ್ಟೇ ಸರ್” ಎಂದು ಅವರು ಕೋಟು ಸರಿಮಾಡಿಕೊಂಡು ಕೂತರು. ಬೇರೆಯ ದಿನವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆ ಬಾಯಿ ಸುಟ್ಟುಕೊಂಡಿದ್ದ ಸಾಹೇಬರು ಮಜ್ಜಿಗೆಯನ್ನೂ ಊದಿ ಕುಡಿಯುವವರಾಗಿದ್ದರು. ಎಲ್ಲಿ ಬಿಟ್ಟನೆಂದು ಕೇಳಿ ಎಂದರು.

“ಎಲ್ಲಿ ಬಿಟ್ಟನಮ್ಮಾ?” ಎಂದು ಕೇಳಿದೆ.

“ರೋಡಿನ್ಯಾಗ್ರಿ.”

“ನಡುರಸ್ತೆಯಲ್ಲಿ ಬಿಟ್ಟ ಸರ್!” ಎಂದು ರಂಗಾರೆಡ್ಡಿ ಎದ್ದರು. ಸಾಹೇಬರು ಅವರನ್ನು ಕೂರಿಸಿ, ಯಾವ ರಸ್ತೆ ಎಂದು ನನ್ನಿಂದ ಕೇಳಿಸಿದರು.

“ನಮ್ಮೂರ ರೋಡ್ರಿ. ಬಸ್ ನಿಂದ್ರತೈತಲ್ರಿ, ಬೇವಿನ ಗಿಡದ ತೆಳಗ. ಅಲ್ಲಿಂದ ಊರು ದೂರ ಐತ್ರಿ. ಪೆಟ್ಟಿಗಿ ಕೆಳಗಿಟ್ಟು, ನೀ ನಡಿ, ನನಗ ಮಿಲ್ಲಿಗೆ ಹೊತ್ತಾತು ಅಂತಂದು ತಿರುಗಿ ಹೋಗೋ ಬಸ್ಸು ಹತ್ತಿದ. ಮನಿತನಾ ಬಿಡಲಿಲ್ರಿ.”

ಅಷ್ಟು ಹೇಳಿದ ಮೇಲೆ ಆಕೆಯನ್ನು ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ. ನಾನು ಹಿಂದೆ ಹಿಂದೆ ತೆಲುಗಿನಲ್ಲಿ ಓಡಿದೆ.

“ಮದ್ವಿ ಆದಮ್ಯಾಲೆ ಮೊದಲ್ನೇ ಪಂಚಮಿರಿ. ಗಂಡನ ಕೂಡ ಬೀದ್ಯಾಗ ಹೊಂಟ್ರ ನಾಕು ಮಂದಿ ನೋಡ್ತಾರಂತ ನಾ ಹೊಸಾ ಸೀರಿ ಉಟ್ಟಿದ್ದೆ. ಒಬ್ಬಾಕೇ ಪೆಟ್ಟಿಗಿ ತಲಿಮ್ಯಾಲೆ ಇಟ್ಕೊಂಡು ಬಂದೆ. ಬಾವಿಕಟ್ಟಿ ಮ್ಯಾಲೆ ಇದ್ದ ಹೆಂಗಸ್ರು ಕೇಳಿದ್ರು, ಗಂಡ ಬಿಟ್ಟನೇನೇ ನರಸೀ ಅಂತ. ಹೂಂ ಬಿಟ್ಟ ಅಂದೆ. ನನಗ ಸಿಟ್ಟು ಬಂದಿತ್ರಿ, ಕಣ್ಣಾಗ ನೀರಿದ್ವು. ಬಸ್ ನಿಂದ್ರೋ ಕಡಿ ಬಿಟ್ಟ, ಮನಿಗೆ ಬಿಡಲಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ. ನಾ ಮನಿ ಮುಟ್ಟಾದ್ರಾಗ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ನಮ್ಮವ್ವ ಎದಿ ಬಡ್ಕೊಂಡು ಅಳಾಕ ಹತ್ತಿದ್ಲು. ಯಾರೂ ನನ್ನ ಕೇಳಲಿಲ್ಲ. ಎಲ್ಲಾರೂ ಅಳಾದು ನೋಡಿ ನಾನೂ ಅತ್ತೆ.”

ಹಾಲಿನಲ್ಲಿ ಮೊದಲು ಒಂದಿಬ್ಬರು ನಕ್ಕಿದ್ದರು. ಆಕೆ ಮುಂದೆ ಹೇಳಿದಾಗ ಅವರೂ ಮುಂದಕ್ಕೆ ಬಗ್ಗಿ ಕೇಳತೊಡಗಿದರು.

“ಅವತ್ತಿಂದ ನಾ ‘ಬಿಟ್ಟಾಕಿ’ ಆದೆರಿ. ಬಸುರಿ ಕುಬ್ಸಕ್ಕ ಕರಿಯಂಗಿಲ್ಲ, ಮದ್ವ್ಯಾಗ ಆರತಿ ಹಿಡಿ ಅನ್ನಂಗಿಲ್ಲ. ಹೊಸಾದಾಗಿ ಮದ್ವಿ ಆದಾಕಿ ಎದುರಿಗೆ ಬಂದ್ರ ನಮ್ಮವ್ವನೇ ನನ್ನ ಒಳಗ ಎಳೀತಾಳ. ಯಾವಾಗ ಬರ್ತಾನ ಯಾವಾಗ ಬರ್ತಾನ ಅಂತ ನಾ ಕಾಯ್ತಿದ್ದೆ. ಬಂದ ದಿನ ಅಪ್ಪ ನಾಯಿ ಬಿಟ್ಟ. ನಾ ಹಿತ್ತಲದಾಗ ಇದ್ದೆರಿ, ಚಪ್ಪಲಿ ನೋಡಿದಮ್ಯಾಲೆ ಗೊತ್ತಾತು.”

ತಿಕ್ಕಯ್ಯ ಹಿಂದೆ ಎದ್ದು ನಿಂತಿದ್ದ. ದೊಡ್ಡ ಮೀಸೆಯ, ದೊಡ್ಡ ರುಮಾಲಿನ ಮನುಷ್ಯ. ಬೆಳಿಗ್ಗೆ ನೋಡಿದಾಗ ಅಂಜಿಕೆ ಬರುವ ಹಾಗಿದ್ದ. ಈಗ ರುಮಾಲು ಕೈಯಲ್ಲಿತ್ತು.

“ಮಗಳಾ, ಬಸ್ ನಿಂದ್ರೋ ಕಡಿ ಬಿಟ್ಟ ಅಂತ ನೀ ಅವತ್ತೇ ಅನಬಾರದಿತ್ತೇನು?”

“ನೀ ಕೇಳಿದ್ಯಾ? ಬಡಿಗಿ ತಗೊಂಡು ಹೊರಗ ಹೋಗಿದ್ದಿ!”

ಅತ್ತ ಉರುಕುಂದಪ್ಪ ಕೂತಲ್ಲಿಂದಲೇ, “ಆ ಬಸ್ಸು ಬಿಟ್ಟಿದ್ರ ನನ್ನ ಪಾಳಿ ತಪ್ಪತಿತ್ತು ಸ್ವಾಮಿ, ಮಿಲ್ಲಿನ್ಯಾಗ ಒಳಗ ಬಿಡ್ತಿರಲಿಲ್ಲ” ಎಂದು ಕೂಗಿದ. ಸಾಹೇಬರು ಮೇಜು ಬಡಿದರು. ಇನ್ನು ಈ ಹಾಲಿನಲ್ಲಿ ತಮ್ಮ ಅಪ್ಪಣೆಯಿಲ್ಲದೆ ಯಾರೂ ಆ ಮಾತನ್ನು ಆಡಕೂಡದು ಎಂದು ತೆಲುಗಿನಲ್ಲಿ ಗುಡುಗಿದರು. ಯಾವ ಮಾತು ಎಂದು ನಾನು ಜನರಿಗೆ ಹೇಳಬೇಕಾಯಿತು. ಹೇಳಿದರೆ ಅಪ್ಪಣೆ ಮೀರಿದ ಹಾಗೆ, ಹೇಳದಿದ್ದರೆ ಕೆಲಸ ತಪ್ಪಿದ ಹಾಗೆ. “ಅದೇ ಮಾತು” ಎಂದೆ. ಎಲ್ಲರಿಗೂ ತಿಳಿಯಿತು.

ಆಮೇಲೆ ಅವರು ದನಿ ತಗ್ಗಿಸಿ, ನಿನಗೆ ಗಂಡನ ಹತ್ತಿರ ಹೋಗಲು ಇಷ್ಟವಿದೆಯೇ ಎಂದು ನರಸಮ್ಮನನ್ನು ಕೇಳಿಸಿದರು. ಆಕೆ ಆ ದಿನ ಮೊದಲ ಸಲ ಗಂಡನನ್ನು ನೇರವಾಗಿ ನೋಡಿದಳು. ಉರುಕುಂದಪ್ಪನ ಕೈಗಳು ಒಂದನ್ನೊಂದು ಹಿಂಡುತ್ತಿದ್ದವು.

“ಐತ್ರಿ” ಎಂದಳು ಕೊನೆಗೆ. “ಆದ್ರ ಹಂಗ ಬರಂಗಿಲ್ಲ. ಆ ಪೆಟ್ಟಿಗಿ ತಾನ ಹೊತ್ಕೊಂಡು ಬೇವಿನ ಗಿಡದಿಂದ ನಮ್ಮ ಮನಿತನಾ ಬೀದ್ಯಾಗ ನಡೀಲಿ. ನಾ ಹಿಂದ ಬರ್ತೀನಿ. ಬಾವಿಕಟ್ಟಿ ಹತ್ರ ಸಾವಕಾಶ ನಡೀಲಿ. ಮಂದಿ ನೋಡ್ಲಿ.”

ನಾನು ಇದನ್ನು ಅಕ್ಷರ ಬಿಡದೆ ತಿರುಗಿಸಿದೆ. ಸಾಹೇಬರು ಯಾವುದೋ ಕಾಯಿದೆ ಪುಸ್ತಕ ತೆರೆದು ಅದರೊಳಗೆ ಮುಖ ಇಟ್ಟುಕೊಂಡರು, ಭುಜ ಅಲುಗುತ್ತಿತ್ತು. ಪೆಟ್ಟಿಗೆ ಹೊರಬೇಕೆಂದು ಆದೇಶ ಮಾಡಲು ಕೋರ್ಟಿಗೆ ಅಧಿಕಾರವಿಲ್ಲ, ಎರಡೂ ಕಡೆಯವರು ಹೊರಗೆ ಕೂತು ಮಾತಾಡಿಕೊಳ್ಳಿ ಎಂದು ಕೇಸು ಮುಂದಕ್ಕೆ ಹಾಕಿದರು.

ಮುಂದಿನ ವಾಯಿದೆಗೆ ಮೂವರೂ ಒಟ್ಟಿಗೆ ಬಂದರು. ನರಸಮ್ಮನ ಮುಡಿಯಲ್ಲಿ ಕನಕಾಂಬರ, ಉರುಕುಂದಪ್ಪನ ಕೈಯಲ್ಲಿ ಪೆಟ್ಟಿಗೆ. ತಿಕ್ಕಯ್ಯ ವರಾಂಡದಲ್ಲೇ ನನ್ನನ್ನು ಹಿಡಿದ.

“ಪೆಟ್ಟಿಗಿ ಹೊತ್ತನ್ರಿ ಆಚಾರ್ರೆ! ಬಾವಿಕಟ್ಟಿ ಸುತ್ತ ಎರಡು ಸಲ ತಿರುಗಿಸಿದ್ಲು. ಹೆಂಗಸ್ರೆಲ್ಲಾ ಕೊಡ ಬಿಟ್ಟು ನೋಡಿದ್ರು.”

“ನಾಯಿ?”

“ಕಟ್ಟಿ ಹಾಕಿದ್ದೆರಿ. ಬೊಗಳಿತು. ಅದಕೇನು ಗೊತ್ತು, ಅಳಿಯ ಅಂತ.”

ಕೇಸು ಕೂಗಿದಾಗ ಉರುಕುಂದಪ್ಪ ಕಟಕಟೆಯ ಹತ್ತಿರ ಹೋಗಿ ಕೈಮುಗಿದು, “ದಾವೆ ಬಿಟ್ಟೆ ಸ್ವಾಮಿ” ಎಂದ. ನಾನು ತೆಲುಗಿಗೆ ಬಾಯಿ ತೆರೆದೆ. ಸಾಹೇಬರು ಕೈ ಎತ್ತಿ ನನ್ನನ್ನು ತಡೆದರು. ತಿಳಿಯಿತು ಎಂದರು. ಅವರ ಕಾಲದಲ್ಲಿ ನನ್ನ ಸಹಾಯವಿಲ್ಲದೆ ಅವರು ದಾಖಲು ಮಾಡಿದ ಕನ್ನಡದ ಮಾತು ಅದೊಂದೇ.

ಎಲ್ಲರೂ ಹೊರಗೆ ಬಂದೆವು. ಇಬ್ಬರು ವಕೀಲರೂ ಕೋಟು ಕಳಚಿ ಕೈಮೇಲೆ ಹಾಕಿಕೊಂಡು ವರಾಂಡದಲ್ಲಿ ನಿಂತಿದ್ದರು. ಆ ಮದುವೆಯ ಬಗ್ಗೆ ಒಂದು ಮಾತಿನಲ್ಲೂ ಅವರು ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಒಪ್ಪಿರಲಿಲ್ಲ. ಉರುಕುಂದಪ್ಪ ತನ್ನ ಮನೆಗೆಂದು ಗೇಟಿನ ಹತ್ತಿರ ಒಂದು ಟಾಂಗಾ ನಿಲ್ಲಿಸಿ ಪೆಟ್ಟಿಗೆ ಏರಿಸಿದ, ಹೆಂಡತಿಯನ್ನು ಹತ್ತಿಸಿದ. ಅಷ್ಟರಲ್ಲಿ ದೂರದಲ್ಲಿ ಮಿಲ್ಲಿನ ಸೈರನ್ ಕೂಗಿತು. ಅವನು ಕಿವಿ ನಿಮಿರಿಸಿದ.

“ನೀ ನಡಿ ನರಸೀ. ಟಾಂಗಾದಾತಗ ಓಣಿ ಗೊತ್ತೈತಿ. ನಾ ಪಾಳಿ ಮುಗಿಸ್ಕೊಂಡು...”

“ಮನಿತನಾ ಬಿಡೋ!” ಎಂದು ಕೃಷ್ಣಮೂರ್ತಿಯವರೂ ರಂಗಾರೆಡ್ಡಿಯವರೂ ಒಂದೇ ಉಸಿರಿನಲ್ಲಿ ಕೂಗಿದರು. ಖಾದರ್ ಸಾಹೇಬರು ಕಿಟಕಿಯಿಂದ ಕೂಗಿದರು. ತಿಕ್ಕಯ್ಯ ಕೂಗಲಿಲ್ಲ, ಬಗ್ಗಿ ಚಪ್ಪಲಿಗೆ ಕೈಹಾಕಿದ. ಉರುಕುಂದಪ್ಪ ಸೈರನ್ನಿನ ಕಡೆ ಒಮ್ಮೆ, ಮಾವನ ಕಡೆ ಒಮ್ಮೆ ನೋಡಿ, ಟಾಂಗಾಕ್ಕೆ ಹಾರಿದ. ನರಸಮ್ಮ ಪೆಟ್ಟಿಗೆಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಇನ್ನು ಹೊಡಿ ಎಂದು ಟಾಂಗಾದವನಿಗೆ ಹೇಳಿದಳು.